ಗುರುಮಠ ಬಿಟ್ಟು ಬಂದ ಸಂಗೀತಗಾರ

ವಿವಾಹದ ಬಲಿಪೂಜೆಯಲ್ಲಿ ಪಿಟೀಲಿನ ಮೇಲೋ ಕೀಬೋರ್ಡಿನ ಮೇಲೋ ನುಡಿಸುವ ‘ಆವೆ ಮರಿಯ’ ಗೀತೆಯನ್ನು ನೀವು ಕೇಳಿರಬಹುದು. ಕೆಳಗೆ ಮೆಲ್ಲನೆ ಏರಿಳಿಯುವ ಸ್ವರಗಳು, ಅವುಗಳ ಮೇಲೆ ತೇಲಿಬರುವ ಒಂದು ರಾಗ. ಕೆಳಗಿನ ಸ್ವರಗಳು ಜರ್ಮನಿಯ ಬಾಖ್ ಅವರದು. ಮೇಲಿನ ರಾಗ ಫ್ರಾನ್ಸಿನ ಶಾರ್ಲ್ ಗುನೊ ಅವರದು. ಈ ರಾಗವನ್ನು ಕೊಟ್ಟವರು ಗುರುವಾಗಲು ಹೊರಟು, ಗುರುಮಠದಿಂದ ಹಿಂದಿರುಗಿದವರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಗುನೊ ಹುಟ್ಟಿದ್ದು 1818ರ ಜೂನ್ 17ರಂದು, ಪ್ಯಾರಿಸ್ಸಿನಲ್ಲಿ. ತಂದೆ ಚಿತ್ರಕಾರರು. ಮಗನಿಗೆ ಐದು ತುಂಬುವ ಮೊದಲೇ ಅವರು ತೀರಿಕೊಂಡರು. ವಿಧವೆ ತಾಯಿ ಪಿಯಾನೋ ಪಾಠ ಹೇಳಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ಮಗನಿಗೆ ಮೊದಲ ಸಂಗೀತ ಗುರು ಆಕೆಯೇ. ಆದರೂ ಸಂಗೀತದಿಂದ ಹೊಟ್ಟೆ ತುಂಬೀತೇ ಎಂಬ ಅಳುಕು ಆ ತಾಯಿಗಿತ್ತು. ಮಕ್ಕಳ ಭವಿಷ್ಯವನ್ನು ನೆನೆದು ನಿದ್ದೆಗೆಟ್ಟ ತಂದೆತಾಯಿಯರಿಗೆ ಈ ಅಳುಕು ಹೊಸದೇನಲ್ಲ, ಅಲ್ಲವೇ?

1839ರಲ್ಲಿ ಫ್ರಾನ್ಸ್ ಸರ್ಕಾರದ ‘ರೋಮ್ ಬಹುಮಾನ’ ಗೆದ್ದು ಗುನೊ ರೋಮಿಗೆ ಹೋದರು. ಅಲ್ಲಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಪಾಲೆಸ್ತ್ರೀನರ ಸಂಗೀತ ಕೇಳಿದರು. ವಾದ್ಯಗಳಿಲ್ಲ, ಆಡಂಬರವಿಲ್ಲ, ಕೇವಲ ಮಾನವ ಕಂಠಗಳು ಒಂದನ್ನೊಂದು ಹಿಂಬಾಲಿಸುತ್ತಾ ಪ್ರಾರ್ಥಿಸುತ್ತಿದ್ದವು. ಆ ನಿರಾಡಂಬರ ಅವರ ಮನಸ್ಸಿನಲ್ಲಿ ಬೇರೂರಿತು.

1843ರಲ್ಲಿ ಪ್ಯಾರಿಸ್ಸಿಗೆ ಮರಳಿ, ಪ್ಯಾರಿಸ್ ವಿದೇಶಿ ಪ್ರೇಷಿತ ಸಂಸ್ಥೆಯ ದೇವಾಲಯದಲ್ಲಿ ಸಂಗೀತ ನಿರ್ದೇಶಕರಾದರು. ಈ ಸಂಸ್ಥೆಯ ಹೆಸರು ನಮಗೆ ಹೊಸದಲ್ಲ. ಮೈಸೂರು ಸೀಮೆಯಲ್ಲಿ ದೇವಾಲಯ, ಶಾಲೆಗಳನ್ನು ಕಟ್ಟಿದ ಫ್ರೆಂಚ್ ಗುರುಗಳು ಇದೇ ಸಂಸ್ಥೆಯವರು. ಈ ಗುರುಗಳು ಪ್ರೇಷಿತ ಕಾರ್ಯಕ್ಕೆ ಹೊರಡುವಾಗ ಹಾಡುವ ಬೀಳ್ಕೊಡುಗೆ ಗೀತೆಗೆ ರಾಗ ಹಾಕಿದವರೂ ಗುನೊ ಅವರೇ. ಅದರ ಪದಗಳನ್ನು ಬರೆದ ಶಾರ್ಲ್ ದಾಲೆ ಎಂಬ ಗುರುಗಳು ಅನಂತರ ಮೈಸೂರು ಮಿಷನ್ನಿಗೆ ಬಂದು ದುಡಿದರು.

ಆ ದೇವಾಲಯದ ಗಾಯನವೃಂದ ಎಷ್ಟು ದೊಡ್ಡದಿತ್ತು ಗೊತ್ತೇ? ಮೂವರು ಗಾಯಕರು, ಒಬ್ಬ ಬಾಲಕ. ಆರ್ಗನ್ ನುಡಿಸುವವರು, ಹಾಡುವವರು, ರಾಗ ಬರೆಯುವವರು ಎಲ್ಲವೂ ಗುನೊ. ಅವರು ಆರಿಸಿಕೊಂಡ ಪಾಲೆಸ್ತ್ರೀನ ಮತ್ತು ಬಾಖ್ ಧರ್ಮಕೇಂದ್ರದವರಿಗೆ ರುಚಿಸಲಿಲ್ಲ, ದೂರುಗಳು ಬಂದವು. ಗುನೊ ಹಟ ಬಿಡಲಿಲ್ಲ.

ಈ ಸೇವೆಯ ನಡುವೆಯೇ ಗುರುವಾಗುವ ಹಂಬಲ ಬಲಿಯಿತು. 1847ರಲ್ಲಿ ಸಂತ ಸುಲ್ಪೀಸರ ಗುರುಮಠದಲ್ಲಿ ವ್ಯಾಸಂಗಕ್ಕೆ ಸೇರಿ, ನಿಲುವಂಗಿ ತೊಟ್ಟರು. ಆದರೆ 1848ರಲ್ಲಿ, ಗುರುದೀಕ್ಷೆ ಪಡೆಯದೆ ಹೊರಬಂದರು.

ಗುರುಮಠ ಬಿಟ್ಟು ಬಂದ ಯುವಕನನ್ನು ನಾವು ಹೇಗೆ ನೋಡುತ್ತೇವೆ? ದೇವಾಲಯದ ಅಂಗಳದಲ್ಲಿ ಪಿಸುಮಾತು, ಮನೆಯಲ್ಲಿ ಮೌನ. ಅವನ ಬಾಳೇ ಹಾಳಾಯಿತು ಎಂಬಂತೆ ಮರುಗುತ್ತೇವೆ. ಗುನೊ ಅವರ ಮುಂದಿನ ಬದುಕನ್ನು ನೋಡಿ, ಆಮೇಲೆ ತೀರ್ಮಾನಿಸಿ.

ಅವರು ರಂಗಭೂಮಿಗೆ ಹೋದರು. 1851ರ ಮೊದಲ ಸಂಗೀತನಾಟಕ ಗೆಲ್ಲಲಿಲ್ಲ. 1852ರಲ್ಲಿ ಅನ್ನಾ ಝಿಮ್ಮರ್‌ಮನ್ ಅವರನ್ನು ವಿವಾಹವಾದರು. ಮರುವರ್ಷ ಬಾಖ್ ಅವರ ಸ್ವರಗಳ ಮೇಲೆ ಆ ರಾಗ ಹುಟ್ಟಿತು. ಮೊದಲು ಅದು ಕೇವಲ ವಾದ್ಯಕ್ಕೆ. ‘ಆವೆ ಮರಿಯ’ ಪ್ರಾರ್ಥನೆಯ ಪದಗಳು ಅದಕ್ಕೆ ಕೂಡಿದ್ದು 1859ರಲ್ಲಿ. ಅದೇ ವರ್ಷ ಅವರ ‘ಫೌಸ್ಟ್’ ಸಂಗೀತನಾಟಕ ರಂಗವೇರಿ, ಮುಂದೆ ಲೋಕದಾದ್ಯಂತ ಹೆಸರು ಮಾಡಿತು. ಅದರ ಕೊನೆಯನ್ನು ಗಮನಿಸಿ: ಪಾಪದಲ್ಲಿ ಬಿದ್ದು ಸೆರೆಮನೆ ಸೇರಿದ ಮಾರ್ಗರೆತ್ ದೇವದೂತರನ್ನು ಕೂಗಿ ಪ್ರಾರ್ಥಿಸುತ್ತಾಳೆ, ರಕ್ಷಣೆ ಹೊಂದುತ್ತಾಳೆ. ರಂಗಭೂಮಿಯಲ್ಲೂ ಅವರು ಕರುಣೆಯನ್ನೇ ಹಾಡಿದರು.

ರಂಗಭೂಮಿಯ ಛಾಯೆ ಅವರ ದೇವಾಲಯ ಸಂಗೀತದ ಮೇಲೂ ಬಿತ್ತು. 1855ರ ಸಂತ ಸಿಸಿಲಿಯಳ ಹಬ್ಬಕ್ಕೆ ಹಾಡಿಸಿದ ಪೂಜಾಸಂಗೀತದಲ್ಲಿ ದೊಡ್ಡ ಗಾಯನವೃಂದ, ತುಂಬು ವಾದ್ಯಮೇಳ, ವೈಭವ ಎಲ್ಲವೂ ಇದೆ. ರೋಮಿನಲ್ಲಿ ಕಲಿತ ನಿರಾಡಂಬರದಿಂದ ಇದು ಬಲು ದೂರ. 1869ರಲ್ಲಿ ಜಗದ್ಗುರು ಒಂಬತ್ತನೇ ಪಿಯುಸರ ಗುರುದೀಕ್ಷೆಯ ಸುವರ್ಣ ಮಹೋತ್ಸವಕ್ಕೆ ಒಂದು ನಡಿಗೆ ಸಂಗೀತ ರಚಿಸಿದರು. ಹನ್ನೆರಡನೇ ಪಿಯುಸರು 1949ರಲ್ಲಿ ಅದನ್ನೇ ವ್ಯಾಟಿಕನ್ನಿನ ಗೀತೆಯನ್ನಾಗಿ ಮಾಡಿದರು. ಗುರುವಾಗದವರ ಸಂಗೀತ ಜಗದ್ಗುರುಗಳ ಮುಂದೆ ಮೊಳಗುತ್ತಿದೆ!

ಅವರ ಬಾಳು ಕಲೆಯಿಲ್ಲದ ಬಿಳಿ ಬಟ್ಟೆಯೇನೂ ಆಗಿರಲಿಲ್ಲ. 1870ರ ಯುದ್ಧದಲ್ಲಿ ಸಂಸಾರದೊಡನೆ ಲಂಡನ್ನಿಗೆ ಹೋದವರು, ಪತ್ನಿ ತವರುನಾಡಿಗೆ ಮರಳಿದ ಮೇಲೂ ಜಾರ್ಜಿನಾ ವೆಲ್ಡನ್ ಎಂಬ ಗಾಯಕಿ ಮತ್ತು ಆಕೆಯ ಪತಿಯ ಮನೆಯಲ್ಲಿ ಸುಮಾರು ಮೂರು ವರ್ಷ ಉಳಿದರು. ಸಂಸಾರ ಒಡೆಯುವ ಅಂಚಿಗೆ ಬಂತು, ಲೋಕ ಆಡಿಕೊಂಡಿತು. 1874ರಲ್ಲಿ ಅವರು ಪ್ಯಾರಿಸ್ಸಿಗೆ, ತಮ್ಮ ಕುಟುಂಬದ ಬಳಿಗೆ ಹಿಂದಿರುಗಿದರು.

ಆ ಬಳಿಕ ಅವರ ಮನಸ್ಸು ದೇವರ ಸಂಗೀತದತ್ತಲೇ ಹೆಚ್ಚು ವಾಲಿತು. ರಕ್ಷಣೆಯ ಕಥೆ ಹೇಳುವ ‘ರಿಡೆಂಪ್ಶನ್’ 1882ರಲ್ಲೂ, ಜಗದ್ಗುರು ಹದಿಮೂರನೇ ಲಿಯೊ ಅವರಿಗೆ ಅರ್ಪಿಸಿದ ‘ಮರಣ ಮತ್ತು ಜೀವ’ 1885ರಲ್ಲೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲು ಕೇಳಿಬಂದವು. ಶೈಲಿ ವರ್ಷದಿಂದ ವರ್ಷಕ್ಕೆ ಸರಳವಾಯಿತು. ಅಲಂಕಾರಗಳು ಉದುರಿದವು. ಯೌವನದಲ್ಲಿ ಮನಸೋತಿದ್ದ ಪಾಲೆಸ್ತ್ರೀನ ಮತ್ತು ಹಳೆಯ ಗ್ರೆಗೋರಿಯನ್ ಗಾಯನದ ಕಡೆಗೆ ಅವರು ಮರಳಿದರು.

1893ರಲ್ಲಿ, ಅಗಲಿದ ಪುಟ್ಟ ಮೊಮ್ಮಗನ ನೆನಪಿಗಾಗಿ ಮೃತರ ಪೂಜೆಯ ಸಂಗೀತವೊಂದರಲ್ಲಿ ತೊಡಗಿದ್ದಾಗಲೇ ಅವರು ಕುಸಿದರು. ಅಕ್ಟೋಬರ್ 18ರಂದು ಪ್ರಾಣಬಿಟ್ಟರು. ಸರ್ಕಾರಿ ಗೌರವದ ಅಂತ್ಯಸಂಸ್ಕಾರ ಮದ್ಲೇನ್ ದೇವಾಲಯದಲ್ಲಿ ನಡೆಯಿತು. ಅವರ ಇಚ್ಛೆಯಂತೆ ಅಂದು ಆರ್ಗನ್ ನುಡಿಯಲಿಲ್ಲ, ವಾದ್ಯಮೇಳವಿರಲಿಲ್ಲ. ಕೇವಲ ಮಾನವ ಕಂಠಗಳು, ರೋಮಿನಲ್ಲಿ ಆ ಯುವಕ ಕೇಳಿದ್ದಂತೆಯೇ.

ಓದುಗರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಗುರುಮಠದಿಂದಲೋ ಕನ್ಯಾಮಠದಿಂದಲೋ ಹಿಂದಿರುಗಿದ ಮಕ್ಕಳಿದ್ದರೆ ಅವರನ್ನು ಸೋತವರೆಂದು ಎಣಿಸಬೇಡಿ. ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ದೇವರ ಕರೆ ನಿಲ್ಲುವುದಿಲ್ಲ. ಮುಂದಿನ ಸಲ ಆ ‘ಆವೆ ಮರಿಯ’ ಕಿವಿಗೆ ಬಿದ್ದಾಗ ಅವರಿಗಾಗಿ ಒಂದು ನಮೋ ಮರಿಯ ಹೇಳಿ. ಭಾನುವಾರ ಪೂಜೆ ಮುಗಿದ ಮೇಲೆ ಹತ್ತಿರ ಹೋಗಿ ನಾಲ್ಕು ಒಳ್ಳೆಯ ಮಾತನ್ನೂ ಆಡಿ.