ಹೆಬ್ಬಾತುಗಳ ಮಿತ್ರ ಪೀಟರ್ ಸ್ಕಾಟ್

ಬೇಟೆಗಾರನಿಗೂ ಛಾಯಾಗ್ರಾಹಕನಿಗೂ ಬೇಕಾದ ಗುಣಗಳು ಹೆಚ್ಚುಕಡಿಮೆ ಒಂದೇ. ಇಬ್ಬರೂ ನಸುಕಿಗೆ ಮುನ್ನವೇ ಏಳಬೇಕು. ಚಳಿಯಲ್ಲಿ ಸದ್ದಿಲ್ಲದೆ ಅಡಗಿ ಕೂರಬೇಕು. ಗಾಳಿಯ ದಿಕ್ಕನ್ನೂ ಹಕ್ಕಿಯ ಸ್ವಭಾವವನ್ನೂ ಬಲ್ಲವರಾಗಿರಬೇಕು. ತಕ್ಕ ಕ್ಷಣದಲ್ಲಿ ಗುರಿಯಿಡಬೇಕು. ಆದರೆ ಒಬ್ಬನು ಗುರಿಯಿಟ್ಟರೆ ಹಕ್ಕಿ ನೆಲಕ್ಕುರುಳುತ್ತದೆ. ಇನ್ನೊಬ್ಬನು ಗುರಿಯಿಟ್ಟ ಮೇಲೂ ಅದು ಹಾರುತ್ತಲೇ ಇರುತ್ತದೆ. ಮೊದಲನೆಯ ದಾರಿಯಲ್ಲಿ ನಡೆದು ಎರಡನೆಯ ದಾರಿಗೆ ಹೊರಳಿದವರು ಇಂಗ್ಲೆಂಡಿನ ಸರ್ ಪೀಟರ್ ಸ್ಕಾಟ್. ಚಳಿಗಾಲದ ವಲಸೆ ಹೆಬ್ಬಾತುಗಳನ್ನು ಕುಂಚದಿಂದಲೂ ಕ್ಯಾಮರಾದ ಮೂಲಕವೂ ಲೋಕಕ್ಕೆ ತೋರಿಸಿಕೊಟ್ಟ ಆ ಮಹನೀಯರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಪೀಟರ್ 1909ರ ಸೆಪ್ಟೆಂಬರ್ 14ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ದಕ್ಷಿಣ ಧ್ರುವದ ಸಾಹಸಿ ಕ್ಯಾಪ್ಟನ್ ರಾಬರ್ಟ್ ಸ್ಕಾಟ್. 1912ರ ಜನವರಿಯಲ್ಲಿ ಅವರು ಧ್ರುವವನ್ನು ಮುಟ್ಟಿದರಾದರೂ, ಮರಳುವ ದಾರಿಯಲ್ಲಿ ಹಸಿವು ಹಿಮಗಳಿಗೆ ತುತ್ತಾಗಿ ಮಾರ್ಚ್ ತಿಂಗಳಲ್ಲಿ ಡೇರೆಯೊಳಗೆ ಪ್ರಾಣಬಿಟ್ಟರು. ಆಗ ಮಗುವಿಗೆ ಎರಡೂವರೆ ವರ್ಷ. ಸಾವು ಬಾಗಿಲಲ್ಲಿ ನಿಂತಿರುವಾಗ ಪತ್ನಿಗೆ ಬರೆದ ಪತ್ರದಲ್ಲಿ ಅವರು, ಸಾಧ್ಯವಾದರೆ ಮಗನಿಗೆ ಪ್ರಕೃತಿಯ ಅಧ್ಯಯನದಲ್ಲಿ ಆಸಕ್ತಿ ಹುಟ್ಟಿಸಬೇಕೆಂದು ಕೇಳಿಕೊಂಡಿದ್ದರು. ಶಿಲ್ಪಿಯಾಗಿದ್ದ ತಾಯಿ ಕ್ಯಾಥ್ಲೀನ್ ಆ ಕೋರಿಕೆಯನ್ನು ನಡೆಸಿಕೊಟ್ಟರು.

ಆದರೆ ಪ್ರಕೃತಿಪ್ರೇಮವು ಮೊದಲು ತಾಳಿದ ರೂಪ ಬೇಟೆಯದು. ಕೇಂಬ್ರಿಜ್‌ನಲ್ಲಿ ಓದುವ ಕಾಲದಲ್ಲಿ ಪೀಟರ್ ಬಿಡುವಾದಾಗಲೆಲ್ಲ ಬಂದೂಕು ಹಿಡಿದು ಜೌಗುನೆಲಗಳಿಗೆ ಹೋಗುತ್ತಿದ್ದರು. ಹೆಬ್ಬಾತುಗಳು ಹಗಲು ಹೊಲಗಳಲ್ಲಿ ಮೇಯುವುದನ್ನೂ, ಸಂಜೆ ಸಾಲುಕಟ್ಟಿ ಕಡಲಂಚಿನ ಕೆಸರು ಬಯಲಿಗೆ ಮರಳುವುದನ್ನೂ ಅವರು ಕಲಿತದ್ದು ಬೇಟೆಗಾರನ ಕಣ್ಣಿನಿಂದಲೇ. ಜೊತೆಗೆ ಚಿತ್ರಕಲೆಯನ್ನೂ ಅಭ್ಯಾಸ ಮಾಡಿದರು. 1933ರಿಂದ ವಾಷ್ ಕೊಲ್ಲಿಯ ಬಳಿ ಹಳೆಯದೊಂದು ದೀಪಸ್ತಂಭದಲ್ಲಿ ವಾಸಮಾಡುತ್ತ ಹಾರುವ ಹೆಬ್ಬಾತುಗಳ ಚಿತ್ರಗಳನ್ನು ಬರೆದರು; ಅವು ಜನಪ್ರಿಯವೂ ಆದವು. 1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಲ್ಲಿ ಹಾಯಿದೋಣಿ ಸ್ಪರ್ಧೆಯ ಕಂಚಿನ ಪದಕವೂ ದೊರೆಯಿತು.

ಬೇಟೆಯ ದಿನಗಳಲ್ಲೊಮ್ಮೆ ಗುಂಡು ತಗುಲಿದ ಹೆಬ್ಬಾತೊಂದು ಕೆಸರು ಬಯಲಿನ ನಡುವೆ ಬಿದ್ದಿತು. ಮನುಷ್ಯರು ಕಾಲಿಟ್ಟರೆ ಹೂತುಹೋಗುವಂಥ ಸ್ಥಳವದು. ಹತ್ತಿರ ಹೋಗಿ ಅದನ್ನು ಉಳಿಸುವಂತೆಯೂ ಇರಲಿಲ್ಲ, ಅದರ ಸಂಕಟವನ್ನು ಮುಗಿಸುವಂತೆಯೂ ಇರಲಿಲ್ಲ. ಮರುದಿನ ಬಂದು ನೋಡಿದಾಗಲೂ ಆ ಹಕ್ಕಿ ಜೀವ ಹಿಡಿದುಕೊಂಡೇ ಇತ್ತು. ಆ ದೃಶ್ಯ ಅವರ ಮನಸ್ಸಿನಲ್ಲಿ ಮುಳ್ಳಾಗಿ ನಿಂತಿತು. ಬೇಟೆಯ ಚಟ ಒಂದೇ ದಿನದಲ್ಲಿ ಬಿಡಲಿಲ್ಲ. ಆದರೂ ಕ್ರಮೇಣ ಅವರು ಬಂದೂಕನ್ನು ಶಾಶ್ವತವಾಗಿ ಕೆಳಗಿಟ್ಟರು.

ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಅಧಿಕಾರಿಯಾಗಿ ದುಡಿದು, 1945ರ ಡಿಸೆಂಬರಿನಲ್ಲಿ ಅವರು ಸೆವರ್ನ್ ನದಿಯ ದಡದ ಸ್ಲಿಂಬ್ರಿಜ್ ಗ್ರಾಮಕ್ಕೆ ಬಂದರು. ರಷ್ಯದ ಉತ್ತರ ತೀರದಿಂದ ಬಂದ ಬಿಳಿಹಣೆಯ ಹೆಬ್ಬಾತುಗಳು ಅಲ್ಲಿ ಸಹಸ್ರ ಸಂಖ್ಯೆಯಲ್ಲಿ ಮೇಯುತ್ತಿದ್ದವು. ಆ ದೊಡ್ಡ ಹಿಂಡಿನ ನಡುವೆ ಇಂಗ್ಲೆಂಡಿನಲ್ಲಿ ಅತಿ ಅಪರೂಪವಾದ ಕಿರಿಯ ಬಿಳಿಹಣೆ ಹೆಬ್ಬಾತು ಕಣ್ಣಿಗೆ ಬಿದ್ದಿತು. ಇದೇ ತಕ್ಕ ಸ್ಥಳವೆಂದು ನಿಶ್ಚಯಿಸಿ, 1946ರ ನವೆಂಬರಿನಲ್ಲಿ ಅಲ್ಲಿಯೇ ನೀರುಹಕ್ಕಿಗಳ ಸಂಸ್ಥೆಯನ್ನು ಸ್ಥಾಪಿಸಿದರು.

ಹೆಬ್ಬಾತು ಬಹಳ ಎಚ್ಚರದ ಹಕ್ಕಿ. ಹಿಂಡು ಮೇಯುವಾಗ ಕೆಲವು ಕತ್ತೆತ್ತಿ ಕಾವಲು ನಿಲ್ಲುತ್ತವೆ. ಅವು ಬೆದರಿದರೆ ಇಡೀ ಹಿಂಡೇ ಮೇಲೇಳುತ್ತದೆ. ಆದುದರಿಂದ ಅಲ್ಲಿ ಮರೆಗುಡಿಸಲುಗಳನ್ನು ಕಟ್ಟಿಸಿ, ನೋಡಬಂದವರು ಹಕ್ಕಿಗಳಿಗೆ ಕಾಣದಂತೆ ಕುಳಿತು ಅವನ್ನು ಕಾಣುವ ಏರ್ಪಾಡು ಮಾಡಿದರು. 1953ರಲ್ಲಿ ಬಿ.ಬಿ.ಸಿ.ಯ ಟೆಲಿವಿಷನ್ ಕ್ಯಾಮರಾಗಳು ಸ್ಲಿಂಬ್ರಿಜ್‌ಗೆ ಬಂದವು. 1955ರಿಂದ ಪೀಟರ್ ಸ್ಕಾಟ್ ನಡೆಸಿಕೊಟ್ಟ ವನ್ಯಜೀವಿ ಕಾರ್ಯಕ್ರಮವು ಲಕ್ಷಾಂತರ ಮನೆಗಳನ್ನು ತಲುಪಿತು. ಹಕ್ಕಿಯನ್ನು ಕೊಲ್ಲದೆಯೂ ಮನೆಗೆ ತರಬಹುದೆಂದು ಜನರು ಆಗ ಕಂಡುಕೊಂಡರು.

ಹವಾಯಿ ದ್ವೀಪಗಳ ನೇನೆ ಎಂಬ ಹೆಬ್ಬಾತಿನ ಸಂತತಿ ಆಗ ಸುಮಾರು 30ಕ್ಕೆ ಇಳಿದಿತ್ತು. 1950ರಲ್ಲಿ ಒಂದು ಜೋಡಿಯನ್ನು ಸ್ಲಿಂಬ್ರಿಜ್‌ಗೆ ತರಿಸಲಾಯಿತು. ಎರಡೂ ಮೊಟ್ಟೆಯಿಟ್ಟಾಗ ತಿಳಿಯಿತು, ಎರಡೂ ಹೆಣ್ಣೇ ಎಂದು! ಗಂಡು ಹಕ್ಕಿಯೊಂದನ್ನು ವಿಮಾನದಲ್ಲಿ ತರಿಸಬೇಕಾಯಿತು. 1952ರಲ್ಲಿ ಮರಿಗಳಾದವು, 1962ರಲ್ಲಿ ಅಲ್ಲಿ ಬೆಳೆದ ಹಕ್ಕಿಗಳನ್ನು ಹವಾಯಿಗೆ ಮರಳಿ ಕಳುಹಿಸಲಾಯಿತು.

1964ರಲ್ಲಿ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಚಳಿಗಾಲದಲ್ಲಿ ಉತ್ತರ ರಷ್ಯದಿಂದ ಸುಮಾರು 3,500 ಕಿಲೋಮೀಟರ್ ಹಾರಿಬರುವ ಬೆವಿಕ್ ಹಂಸಗಳ ಕೊಕ್ಕಿನ ಹಳದಿ-ಕಪ್ಪು ಗುರುತು ಒಂದರಂತೆ ಇನ್ನೊಂದರದಿರುವುದಿಲ್ಲ. ಒಂದೊಂದರ ಮುಖವನ್ನೂ ಬರೆದಿಟ್ಟು, ಒಂದೊಂದಕ್ಕೂ ಹೆಸರಿಟ್ಟರು. ಮುಂದಿನ ವರ್ಷ ಯಾರು ಮರಳಿದರು, ಯಾರು ಮರಳಲಿಲ್ಲ ಎಂಬ ಲೆಕ್ಕ ಹೀಗೆ ಆರಂಭವಾಯಿತು. ದೂರದಿಂದ ಬರಿಯ ಬಿಳಿಯ ಹಿಂಡಾಗಿ ಕಾಣುವುದರಲ್ಲಿ ಪ್ರತಿಯೊಂದು ಜೀವಕ್ಕೂ ತನ್ನದೇ ಮುಖವಿದೆಯೆಂಬುದನ್ನು ಅವರು ತೋರಿಸಿಕೊಟ್ಟರು. ಹವೆ ಬೆಚ್ಚಗಾದುದರಿಂದ ಈಗ ಇಂಗ್ಲೆಂಡಿನವರೆಗೆ ಬರುವ ಹಂಸಗಳೂ ಬಿಳಿಹಣೆ ಹೆಬ್ಬಾತುಗಳೂ ಕಡಿಮೆಯಾಗಿವೆ. ಆ ಇಳಿಕೆಯನ್ನು ಅಳೆಯಲು ಇಂಥ ದೀರ್ಘಕಾಲದ ದಾಖಲೆಗಳೇ ಆಧಾರ.

1961ರಲ್ಲಿ ವಿಶ್ವ ವನ್ಯಜೀವಿ ನಿಧಿಯ ಸ್ಥಾಪಕರಲ್ಲಿ ಅವರು ಒಬ್ಬರಾದರು. ಅದರ ಪಾಂಡಾ ಚಿಹ್ನೆಗೆ ರೂಪಕೊಟ್ಟವರೂ ಅವರೇ. 1973ರಲ್ಲಿ ಸರ್ ಪದವಿ ಪಡೆದ ಅವರು 1989ರ ಆಗಸ್ಟ್ 29ರಂದು, 80 ತುಂಬಲು ಎರಡು ವಾರಗಳಿರುವಾಗ ನಿಧನರಾದರು.

ನಮ್ಮ ನಾಡಿಗೂ ಇಂಥ ಅತಿಥಿಗಳುಂಟು. ಮಂಗೋಲಿಯಾ, ಟಿಬೆಟ್‌ಗಳ ಕಡೆಯ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಬರುತ್ತವೆ. ಊರು ಬಿಟ್ಟು ಬಂದು ಈ ಮುಂಬಯಿಯಲ್ಲಿ ನೆಲೆಸಿದ ನಮಗೆ ಅಷ್ಟು ದೂರ ಹೋಗಲಾಗದಿದ್ದರೂ ಶಿವಡಿಯ ಕೆಸರು ಬಯಲಿಗೆ ಇಳಿಯುವ ರಾಜಹಂಸಗಳು ಹತ್ತಿರವೇ ಇವೆ. ಕ್ಯಾಮರಾ ಇರಲಿ, ಬರಿಯ ನೋಟ್‌ಪುಸ್ತಕವೇ ಇರಲಿ, ರಜೆಯ ಒಂದು ಮುಂಜಾವಿನಲ್ಲಿ ಹಿರಿಯರೊಡನೆ ಅಲ್ಲಿಗೆ ಹೋಗಿರಿ. ಹಕ್ಕಿಗಳನ್ನು ಬೆದರಿಸದೆ ದೂರ ನಿಂತು ನೋಡಿರಿ. ಕಂಡುದನ್ನು ದಿನಾಂಕ ಹಾಕಿ ಬರೆದಿಡಿರಿ. ಪೀಟರ್ ಸ್ಕಾಟರ ಮಹತ್ಕಾರ್ಯವೂ ಹೀಗೆ ತಾಳ್ಮೆಯಿಂದ ನೋಡುವುದರಿಂದಲೇ ಮೊದಲಾಯಿತು.