ಆಡುತ್ತಿದ್ದ ಕೂಸು ಹಠಾತ್ತನೆ ಸಾಯುವುದೇಕೆ? ಅಕ್ಕಿ ತೌಡಿನಲ್ಲಿ ಉತ್ತರ ಹುಡುಕಿದ ವಿಲಿಯಮ್ಸ್

ಎರಡು-ಮೂರು ತಿಂಗಳ, ಮೈಕೈ ತುಂಬಿಕೊಂಡ ಕೂಸು. ತಾಯಿ ಹಾಲು ಬಿಟ್ಟು ಬೇರೇನೂ ಕುಡಿದಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ. ಬಾಯಿ ತೆರೆದು ಅತ್ತರೂ ದನಿ ಹೊರಡುವುದಿಲ್ಲ. ಕೆಲವೇ ಗಂಟೆಗಳಲ್ಲಿ ಹೃದಯ ಸೋಲುತ್ತದೆ. ಬೀಳಗಿಯಿರಲಿ, ಬೆಂಗಳೂರಿರಲಿ, ಇದನ್ನು ದೃಷ್ಟಿ, ಬಾಲಗ್ರಹ ಎನ್ನುವವರು, ತಾಯಿ ಹಾಲೇ ಕೆಟ್ಟಿತ್ತು ಎಂದು ಬಾಣಂತಿಯನ್ನು ದೂರುವವರು ಇದ್ದೇ ಇರುತ್ತಾರೆ.

ಇಂಥ ಸಾವುಗಳ ಒಂದು ಕಾರಣವನ್ನು ಜೀವನವಿಡೀ ಬೆನ್ನಟ್ಟಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು 1886ರಲ್ಲಿ, ನಮ್ಮ ಪಕ್ಕದ ಆಂಧ್ರದ ನೆಲ್ಲೂರಿನಲ್ಲಿ. ಅಮೆರಿಕದ ಮಿಷನರಿ ದಂಪತಿಯ ಮಗ. ಬಾಲ್ಯ ಇಲ್ಲೇ ಕಳೆದು, ಅಮೆರಿಕದಲ್ಲಿ ರಸಾಯನಶಾಸ್ತ್ರ ಓದಿ, ಫಿಲಿಪ್ಪೀನ್ಸಿನ ಮನಿಲಾದಲ್ಲಿ ಸರ್ಕಾರಿ ನೌಕರಿಗೆ ಸೇರಿದರು.

ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಅಕ್ಕಿಯನ್ನೇ ಉಣ್ಣುತ್ತಿದ್ದ ತಾಯಂದಿರ ಎಳೆಗೂಸುಗಳು ಅಲ್ಲಿ ಬೆರಿಬೆರಿ ರೋಗದಿಂದ ಸಾಯುತ್ತಿದ್ದವು. ಸೇನಾ ವೈದ್ಯ ಎಡ್ವರ್ಡ್ ವೆಡರ್ 1910ರಲ್ಲಿ ತೌಡಿನಿಂದ ತೆಗೆದ ಸಾರವನ್ನು ವಿಲಿಯಮ್ಸ್ ಕೈಗಿತ್ತು, ಅದರೊಳಗಿನ ಮದ್ದು ಯಾವುದೆಂದು ಹುಡುಕುವ ಕೆಲಸ ಒಪ್ಪಿಸಿದರು. ಸಾಯುವಂತಿದ್ದ ಕೂಸಿನ ಬಾಯಿಗೆ ಆ ಸಾರದ ಹನಿ ಹಾಕಿದಾಗ ಅದು ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡಿದ್ದನ್ನು ವಿಲಿಯಮ್ಸ್ ಕಣ್ಣಾರೆ ಕಂಡರು. ನಾವು ಎಮ್ಮೆಗೆ ಹಾಕುವ ತೌಡು!

ಆ ಮದ್ದನ್ನು ಪೂರ್ತಿ ಅರಿಯಲು ಅವರಿಗೆ 26 ವರ್ಷ ಹಿಡಿಯಿತು. ಅಮೆರಿಕಕ್ಕೆ ಮರಳಿ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ನೌಕರಿ ಮಾಡುತ್ತಲೇ, ತೌಡಿನ ಸಂಶೋಧನೆಯನ್ನು ಬಿಡುವಿನ ವೇಳೆಯಲ್ಲಿ, ಬಹುಕಾಲ ಸ್ವಂತ ಖರ್ಚಿನಲ್ಲಿ ಮುಂದುವರಿಸಿದರು. 1926ರಲ್ಲಿ ಜಾವಾದಲ್ಲಿ ಇಬ್ಬರು ಡಚ್ ವಿಜ್ಞಾನಿಗಳು ಆ ವಸ್ತುವನ್ನು ಮೊದಲು ಬೇರ್ಪಡಿಸಿದರು. ಅದರ ರಚನೆ ಬಿಡಿಸಿ, 1936ರಲ್ಲಿ ಕೃತಕವಾಗಿ ತಯಾರಿಸಿದ್ದು ವಿಲಿಯಮ್ಸ್ ತಂಡ. ಅದೇ ಥಯಾಮಿನ್, ಅಂದರೆ ವಿಟಮಿನ್ ಬಿ1. ಪೇಟೆಂಟಿನಿಂದ ಬಂದ ಹಣದ ಬಹುಪಾಲು ಅಪೌಷ್ಟಿಕತೆಯ ವಿರುದ್ಧದ ನಿಧಿಗೆ ಹೋಯಿತು. ಅವರು ತೀರಿಕೊಂಡದ್ದು 1965ರಲ್ಲಿ.

ಹಳೇ ಕಾಲದ ರೋಗ ಎಂದುಕೊಳ್ಳಬೇಡಿ. ತಾಯಿ ಹಾಲನ್ನಷ್ಟೇ ಕುಡಿಯುವ ಕೂಸುಗಳಲ್ಲಿ ಶ್ವಾಸಕೋಶದ ರಕ್ತದೊತ್ತಡ ಏಕಾಏಕಿ ಏರಿ ಜೀವಕ್ಕೆ ಕುತ್ತಾಗುವುದನ್ನೂ, ಥಯಾಮಿನ್ ಕೊಟ್ಟರೆ ಅವು ಬೇಗ ಚೇತರಿಸಿಕೊಳ್ಳುವುದನ್ನೂ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರದಿ ಮಾಡಿದ್ದಾರೆ. ಇದರ ಹಿಂದೆ ಇರುವುದು ನಮ್ಮದೇ ಬಾಣಂತಿ ಪಥ್ಯ: ಬೇಳೆ ಬೇಡ, ಕಾಳು ಬೇಡ, ಬರೀ ಬಿಳಿ ಅನ್ನ ಸಾಕು. ಅಕ್ಕಿಯನ್ನು ಮತ್ತೆ ಮತ್ತೆ ತೊಳೆದು, ಗಂಜಿ ಬಸಿದರೆ ಉಳಿದಿದ್ದ ಬಿ1 ಕೂಡ ನೀರುಪಾಲು. ತಾಯಿಗೆ ಸಿಗದ್ದು ಹಾಲಿಗೂ ಇಳಿಯುವುದಿಲ್ಲ.

ಬೀಳಗಿ ಸೀಮೆಯ ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ ಎಲ್ಲದರಲ್ಲೂ ಬಿ1 ಇದೆ. ಪಥ್ಯದ ಹೆಸರಿನಲ್ಲಿ ಬಾಣಂತಿಯ ತಾಟಿನಿಂದ ತೆಗೆಯುವುದು ಇವನ್ನೇ!

ಕೂಸುಗಳ ಎಲ್ಲ ಹಠಾತ್ ಸಾವಿಗೂ ಇದೊಂದೇ ಕಾರಣವಲ್ಲ. ಮರಣೋತ್ತರ ಪರೀಕ್ಷೆಯಲ್ಲೂ ಕಾರಣ ಸಿಗದ, ನಿದ್ದೆಯಲ್ಲಾಗುವ ಸಾವುಗಳಿವೆ. ಆ ಅಪಾಯ ತಗ್ಗಿಸಲು ಕೂಸನ್ನು ಬೆನ್ನ ಮೇಲೆ ಅಂಗಾತ ಮಲಗಿಸಬೇಕು. ಕೂಸು ಏದುಸಿರು ಬಿಟ್ಟರೆ, ದನಿ ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಬಾಣಂತಿ ಏನು ಉಣ್ಣುತ್ತಿದ್ದಾಳೆ ಎಂಬುದನ್ನೂ ವೈದ್ಯರಿಗೆ ತಿಳಿಸಿ.