ಜಾನ್ ಪಾಲ್ ಸಾರ್ತ್ರ

ಎರಡನೆಯ ಮಹಾಯುದ್ಧವು ಮುಗಿದ 1945ರ ಅಕ್ಟೋಬರ್ ತಿಂಗಳು. ಪ್ಯಾರಿಸ್ ನಗರದ ಸಭಾಂಗಣವೊಂದರಲ್ಲಿ ಕಾಲಿಡಲೂ ಸ್ಥಳವಿರಲಿಲ್ಲ. ಕುಳ್ಳಗಿನ, ದಪ್ಪ ಕನ್ನಡಕದ ಲೇಖಕನೊಬ್ಬನ ಉಪನ್ಯಾಸವನ್ನು ಕೇಳಲು ಜನ ಕಿಕ್ಕಿರಿದು ನೆರೆದಿದ್ದರು. ಆ ಲೇಖಕನೇ ಜಾನ್ ಪಾಲ್ ಸಾರ್ತ್ರ.

ಸಾರ್ತ್ರನು 1905ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದನು. ಹಸುಗೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ತಾಯಿಯ ತಂದೆಯ ಮನೆಯಲ್ಲಿ ಪುಸ್ತಕಗಳ ನಡುವೆ ಬೆಳೆದನು. ತತ್ತ್ವಶಾಸ್ತ್ರವನ್ನು ವ್ಯಾಸಂಗಮಾಡಿ ಉಪಾಧ್ಯಾಯನಾದನು. ಯುದ್ಧಕಾಲದಲ್ಲಿ ಸೈನ್ಯಕ್ಕೆ ಸೇರಿದ ಅವನು 1940ರಲ್ಲಿ ಜರ್ಮನರ ಕೈಗೆ ಸಿಕ್ಕಿ ಸುಮಾರು ಒಂಬತ್ತು ತಿಂಗಳು ಸೆರೆಯಲ್ಲಿದ್ದನು. ಲೋಕದ ಕಷ್ಟಗಳಿಂದ ಲೇಖಕನು ದೂರ ನಿಲ್ಲಲಾಗದೆಂಬುದು ಆಗ ಅವನಿಗೆ ಮನವರಿಕೆಯಾಯಿತು.

ಮನುಷ್ಯನು ಹೀಗೆಯೇ ಆಗಬೇಕೆಂದು ಮೊದಲೇ ಯಾರೂ ಗೊತ್ತುಮಾಡಿಲ್ಲ. ತನ್ನ ಆಯ್ಕೆಗಳಿಂದಲೇ ಅವನು ತನ್ನನ್ನು ರೂಪಿಸಿಕೊಳ್ಳುತ್ತಾನೆ. ಆದುದರಿಂದ ಅವುಗಳ ಹೊಣೆಯೂ ಅವನದೇ. ಇದು ಸಾರ್ತ್ರನು ಬೋಧಿಸಿದ ಅಸ್ತಿತ್ವವಾದದ ತಿರುಳು. ಮಾರ್ಕ್ಸ್‌ವಾದಿಗಳು ಇದನ್ನು ಉಳ್ಳವರ ತತ್ತ್ವವೆಂದು ಜರೆದರು. ಹಸಿದ ಕಾರ್ಮಿಕನಿಗೆ ಆಯ್ಕೆಯಾದರೂ ಎಲ್ಲಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಸಾರ್ತ್ರನು ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಬಡತನವು ಅಳಿಯದೆ ಸ್ವಾತಂತ್ರ್ಯವು ಎಲ್ಲರದಾಗದೆಂದು ಒಪ್ಪಿ, 1952ರ ವೇಳೆಗೆ ಕಮ್ಯೂನಿಸ್ಟರ ಬೆಂಬಲಕ್ಕೆ ನಿಂತನು. ಆದರೆ ಅವರ ಪಕ್ಷದ ಸದಸ್ಯನಾಗಲಿಲ್ಲ.

ಈ ನಿಲುವಿಗಾಗಿ ಅವನು ತೆತ್ತ ಬೆಲೆ ಸಣ್ಣದಲ್ಲ. ಕ್ರಾಂತಿಯ ಹೆಸರಿನಲ್ಲಿ ನಡೆಯುವ ಕೊಲೆಗಳನ್ನು ಖಂಡಿಸಿ ಅವನ ಮಿತ್ರ ಆಲ್ಬರ್ಟ್ ಕಮೂ 1951ರಲ್ಲಿ ಗ್ರಂಥವೊಂದನ್ನು ಬರೆದನು. ಮರುವರ್ಷ ಸಾರ್ತ್ರನ ಪತ್ರಿಕೆಯಲ್ಲಿ ಅದರ ಕಟು ವಿಮರ್ಶೆ ಬಂದಿತು. ಬಹಿರಂಗವಾಗಿ ವಾದಕ್ಕಿಳಿದ ಗೆಳೆಯರು ಮತ್ತೆ ಒಂದಾಗಲಿಲ್ಲ. 1960ರಲ್ಲಿ ಕಮೂ ಅಪಘಾತದಲ್ಲಿ ಮಡಿದನು. ಇತ್ತ 1954ರಲ್ಲಿ ರಷ್ಯಕ್ಕೆ ಹೋಗಿಬಂದ ಸಾರ್ತ್ರನು, ಅಲ್ಲಿ ಟೀಕೆಗೆ ಪೂರ್ಣ ಸ್ವಾತಂತ್ರ್ಯವಿದೆಯೆಂದು ಸಾರಿದನು. ಅದು ಸತ್ಯವಾಗಿರಲಿಲ್ಲ, ತಾನು ಅಂದು ನಿಜವನ್ನು ಮರೆಮಾಚಿದೆನೆಂದು ಮುಂದೆ ಅವನೇ ಒಪ್ಪಿಕೊಂಡನು.

1956ರಲ್ಲಿ ರಷ್ಯದ ಟ್ಯಾಂಕುಗಳು ಹಂಗೆರಿಯ ಜನರ ದಂಗೆಯನ್ನು ತುಳಿದುಹಾಕಿದಾಗ ಸಾರ್ತ್ರನು ಸುಮ್ಮನಿರಲಿಲ್ಲ. ಆ ದಬ್ಬಾಳಿಕೆಯನ್ನು ನಿಷ್ಠುರವಾಗಿ ಖಂಡಿಸಿದನು. ಆದರೂ ಮಾರ್ಕ್ಸನ ವಿಚಾರಗಳನ್ನು ಕೈಬಿಡದೆ, ಅವುಗಳೊಳಗೆ ವ್ಯಕ್ತಿಸ್ವಾತಂತ್ರ್ಯಕ್ಕೆ ಎಡೆಮಾಡಿಕೊಡಲು ಶ್ರಮಿಸಿ 1960ರಲ್ಲಿ ಬೃಹದ್ಗ್ರಂಥವೊಂದನ್ನು ಪ್ರಕಟಿಸಿದನು.

1964ರಲ್ಲಿ ನೊಬೆಲ್ ಸಾಹಿತ್ಯ ಪಾರಿತೋಷಕವು ಅರಸಿ ಬಂದಾಗ, ಲೇಖಕನು ಯಾವ ಬಿರುದಿಗೂ ಕಟ್ಟುಬೀಳಬಾರದೆಂದು ಅದನ್ನು ನಿರಾಕರಿಸಿದನು. ಕೊನೆಗಾಲದಲ್ಲಿ ಕಣ್ಣು ಮಂಜಾಗಿ ಬರೆಯಲಾರದಾದನು. 1980ರ ಏಪ್ರಿಲ್ 15ರಂದು ತೀರಿಕೊಂಡಾಗ ಸಹಸ್ರಾರು ಜನರು ಅವನ ಅಂತಿಮ ಯಾತ್ರೆಯಲ್ಲಿ ನಡೆದರು. ಸಾರ್ತ್ರನು ತಪ್ಪದ ಮನುಷ್ಯನಾಗಿರಲಿಲ್ಲ. ಆದರೆ ಆಯ್ಕೆಗೆ ಮನುಷ್ಯನೇ ಹೊಣೆಯೆಂಬ ತನ್ನ ಬೋಧನೆಯಿಂದ ಅವನು ತನ್ನನ್ನು ಹೊರತುಪಡಿಸಿಕೊಳ್ಳಲಿಲ್ಲ.